ಬ್ರೆಡ್ ಫ್ಯಾಕ್ಟರಿಯ ಸೊಸೆ

ಫ್ಯಾಕ್ಟರಿಯಲ್ಲಿ ಅವನನ್ನು ಎಲ್ಲರೂ ರಸ್ಕ್ ಎಂದೇ ಕರೆಯುತ್ತಿದ್ದರು. ಎರಡೆರಡು ಸಲ ಬೇಯಿಸಿ ಒಣಗಿಸಿದಂಥ ಮೈ, ಗಟ್ಟಿಯಾಗಿ ಮುಟ್ಟಿದರೆ ಪುಡಿಯಾದೀತು ಎನ್ನಿಸುವ ಭುಜ. ಹೆಸರಿಟ್ಟವರು ಯಾರು ಎಂದು ಕೇಳಿದರೆ ಪ್ಯಾಕಿಂಗ್ ಹೆಂಗಸರು ಒಬ್ಬರ ಕಡೆಗೊಬ್ಬರು ಬೆರಳು ತೋರಿಸಿ ನಗುತ್ತಾರೆ. ನಿಜ ಹೇಳಬೇಕೆಂದರೆ ಇಟ್ಟುಕೊಂಡವನು ಅವನೇ. ಬೇರೆಯವರು ಇದಕ್ಕಿಂತ ಕೆಟ್ಟದ್ದನ್ನು ಹುಡುಕಿ ತರುವ ಮೊದಲು ತಾನೇ ಒಂದು ಇಟ್ಟುಕೊಂಡುಬಿಟ್ಟರೆ ಕ್ಷೇಮ ಎಂಬುದು ಅವನ ಲೆಕ್ಕಾಚಾರ. ಜೀವನದಲ್ಲಿ ಅವನು ಮುಂದಾಲೋಚನೆ ಮಾಡಿ ಮಾಡಿದ ಕೆಲಸ ಅದೊಂದೇ.

ಕೆಲಸ ಬ್ರೆಡ್ ಕೊಯ್ಯುವ ಮಷೀನಿನ ಮೇಲೆ. ಓವನ್ನಿನಿಂದ ಬಂದು ಆರಿದ ಬ್ರೆಡ್ಡು ಬೆಲ್ಟಿನ ಮೇಲೆ ಸಾಲಾಗಿ ಬರುತ್ತದೆ. ಬ್ಲೇಡುಗಳು ಒಂದೇ ಉಸಿರಿಗೆ ಹೋಳು ಮಾಡುತ್ತವೆ. ಇವನು ಆ ಕಡೆಯದೊಂದು, ಈ ಕಡೆಯದೊಂದು ತುದಿ ಎತ್ತಿ ಪಕ್ಕದ ಚೀಲಕ್ಕೆ ಎಸೆಯಬೇಕು. ಹೋಟೆಲಿನವರಿಗೆ ತುದಿ ಬೇಡ. ಸಂಜೆ ಹಂದಿ ಸಾಕುವವನು ಬಂದು ಚೀಲಗಳನ್ನು ಒಯ್ಯುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಹಂದಿಗಳಿಗೆ ಊಟ ಬಡಿಸುವ ಕೆಲಸಕ್ಕೆ ಸಂಬಳ ಕೊಡುತ್ತಾರೆ, ಮೇಲೆ ಟೋಪಿ ಬೇರೆ ಕೊಟ್ಟಿದ್ದಾರೆ ಎಂದು ಅವನು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ.

ಮನೆ ಎಂದರೆ ಅಕ್ಕ-ಭಾವನ ಮನೆ. ಎರಡು ಕೋಣೆ, ನಡುವೆ ಒಂದು ಪರದೆ, ಪರದೆಯ ಈಚೆ ಇವನು. ಇವನ ಪಾಲಿನ ಗೋಡೆ ಕಿಟಕಿಯವರೆಗೆ ಹಸಿರು, ಕಿಟಕಿಯಿಂದಾಚೆ ಹಳೆಯ ಸುಣ್ಣ. ಬಣ್ಣ ಬಳಿಯಲು ಹೊರಟವನು ಕಿಟಕಿಯ ಹತ್ತಿರ ಬಂದಾಗ ಹೊರಗೆ ಏನನ್ನೋ ನೋಡುತ್ತ ನಿಂತ; ಬ್ರಷ್ಷು ಅಲ್ಲೇ ಒಣಗಿತು. ಮಂಚದ ಕೆಳಗೆ ಮೂರು ತಂತಿಯ ಗಿಟಾರು, ಚಕ್ರ ಬಿಚ್ಚಿಟ್ಟ ಸೈಕಲ್ಲು, ಮೊದಲ ಪಾಠದ ಪುಟ ಮಾತ್ರ ಮಾಸಿದ ಟೈಪಿಂಗ್ ಪುಸ್ತಕ.

"ಇವನು ಹುಟ್ಟುವಾಗಲೂ ಅರ್ಧಕ್ಕೆ ನಿಂತು ಯೋಚನೆ ಮಾಡಿರಬೇಕು ನೋಡಿ," ಎಂದು ಅಕ್ಕ ಗಂಡನಿಗೆ ಹೇಳುತ್ತಿದ್ದಳು. "ಬರಲೋ ಬೇಡವೋ ಅಂತ."

ಭಾವ ಲಿಫ್ಟ್ ರಿಪೇರಿ ಮಾಡುವವರು. "ಅರ್ಧಕ್ಕೆ ನಿಲ್ಲೋದೆಲ್ಲ ಕೆಟ್ಟಿದೆ ಅಂತಲ್ಲ ಕಣೇ," ಅನ್ನುತ್ತಿದ್ದರು. "ಕೆಲವು ಸಲ ಬರೀ ಬಾಗಿಲು ಸರಿಯಾಗಿ ಹಾಕಿರಲ್ಲ."

ಅವನಿಗೆ ಇದೆಲ್ಲ ಕೇಳಿ ಕೇಳಿ ಅಭ್ಯಾಸವಾಗಿತ್ತು. ಆದರೂ ಒಂದನ್ನಾದರೂ ಕೊನೆಮುಟ್ಟಿಸಬೇಕು, ಅಕ್ಕನ ಬಾಯಿ ಒಂದು ದಿನದ ಮಟ್ಟಿಗಾದರೂ ಮುಚ್ಚಿಸಬೇಕು ಎಂಬ ಆಸೆ ಎಲ್ಲೋ ಒಳಗೆ ಹುಳದಂತೆ ಕೊರೆಯುತ್ತಲೇ ಇತ್ತು. ಆ ಆಸೆಯ ಕೈಗೆ ಸಿಕ್ಕಿದ್ದು ಒಂದು ಗಿಡ್ಡ ಕುದುರೆ.

ಫ್ಯಾಕ್ಟರಿಯ ಹಿಂಗೋಡೆಗೆ ತಗುಲಿಕೊಂಡಂತೆ ಒಂದು ಮಕ್ಕಳ ಪಾರ್ಕು ಇತ್ತು. ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಟೀ ಹೊತ್ತಿನಲ್ಲಿ ಮೇಸ್ತ್ರಿಯ ಕಣ್ಣು ತಪ್ಪಿಸಲು ಇವನು ಅಲ್ಲಿಗೆ ಹೋಗಿ ತಂತಿ ಬೇಲಿಗೆ ಒರಗಿ ನಿಲ್ಲುತ್ತಿದ್ದ. ಒಂದು ದಿನ ನೋಡುತ್ತಾನೆ, ತುಕ್ಕು ಹಿಡಿದ ಜಾರುಬಂಡೆಯ ಪಕ್ಕದಲ್ಲಿ, ಮರದ ಬಾತುಕೋಳಿಯ ಪಕ್ಕದಲ್ಲಿ, ಒಂದು ಕುದುರೆಯ ಬೊಂಬೆ. ಬಣ್ಣವೆಲ್ಲ ಹೋಗಿದೆ, ಪಕ್ಕೆಲುಬು ಎದ್ದು ಕಾಣುತ್ತಿದೆ. ಮಾಡಿದವನು ಬಹಳ ಜಿಪುಣ ಇರಬೇಕು ಅಂದುಕೊಂಡ. ಆಗ ಬೊಂಬೆ ಕಣ್ಣು ಮಿಟುಕಿಸಿತು. ಆಮೇಲೆ ನಾಲಿಗೆ ಚಾಚಿ ಬಾತುಕೋಳಿಯ ಬೆನ್ನಿನ ಬಣ್ಣವನ್ನು ನೆಕ್ಕಿತು.

ಪಾರ್ಕಿನ ವಾಚ್‌ಮನ್ ಕುರ್ಚಿಯಿಂದ ಏಳದೆಯೇ ಎಲ್ಲ ಹೇಳಿದ. "ಮಕ್ಕಳನ್ನ ಕೂರಿಸಿ ಸುತ್ತು ಹಾಕಿಸ್ತಿದ್ದನಲ್ಲ, ಅವನದ್ದು. ಪಾರ್ಕ್ ಮುಚ್ಚಿದ ದಿನ ಬಿಟ್ಟು ಹೋದ. ಬೆನ್ನ ಮೇಲಿನ ತಡಿ ಮಾತ್ರ ಬಿಚ್ಕೊಂಡು ಹೋದ."

"ಕುದುರೆ ಬಿಟ್ಟು ತಡಿ ತಗೊಂಡ್ಹೋದನಾ?"

"ತಡಿಗೆ ಹುಲ್ಲು ಹಾಕ್ಬೇಕಾಗಿಲ್ವಲ್ಲಪ್ಪ."

"ನಾನು ತಗೊಂಡ್ಹೋಗ್ಲಾ?"

ಕೇಳಿದ ಮೇಲೆ ಇವನಿಗೇ ಗಾಬರಿಯಾಯಿತು. ವಾಚ್‌ಮನ್ ಮಾತ್ರ ಬೀಗದ ಕೈ ಆಗಲೇ ಹುಡುಕುತ್ತಿದ್ದ. ಕಾಯಬೇಕಾದದ್ದರಲ್ಲಿ ಒಂದು ಕಡಿಮೆಯಾಗುವುದನ್ನು ಯಾವ ವಾಚ್‌ಮನ್ ಬೇಡವೆನ್ನುತ್ತಾನೆ?

ಪಾರ್ಕಿನ ಗೇಟಿನಿಂದ ಫ್ಯಾಕ್ಟರಿಯ ಹಿಂಬಾಗಿಲು ಕೂಗಳತೆಯ ದೂರ. ಆದರೆ ಕುದುರೆಗೆ ನೇರವಾಗಿ ನಡೆಯಲು ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಸುತ್ತು ಹಾಕಿದ್ದೇ ಹಾಕಿದ್ದು, ಅದೂ ಎಡಕ್ಕೆ. ಹಗ್ಗ ಹಿಡಿದು ಎಳೆದರೆ ಎರಡು ಹೆಜ್ಜೆ ಬಂದು ಎಡಕ್ಕೆ ತಿರುಗಿಬಿಡುತ್ತಿತ್ತು. ಗೊರಸುಗಳು ಬೆಳೆದೂ ಬೆಳೆದೂ ಹಳೇ ಕಾಲದ ಚಪ್ಪಲಿಗಳಂತೆ ಮುಂದಕ್ಕೆ ಸುರುಳಿ ಸುತ್ತಿಕೊಂಡಿದ್ದವು. ಕೊನೆಗೆ ಇವನು ಅದರ ದಾರಿಗೇ ಬಂದ. ಗಿರಗಿರ ಸುತ್ತಿಸುತ್ತ, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಗೇಟಿನ ಕಡೆ ಜಾರಿಸುತ್ತ, ಬೀದಿಯುದ್ದಕ್ಕೂ ಇಬ್ಬರೂ ಬುಗುರಿಯಂತೆ ಬಂದರು. ಹಿಂಬಾಗಿಲಲ್ಲಿ ಪ್ಯಾಕಿಂಗ್ ಹೆಂಗಸರೆಲ್ಲ ಕೆಲಸ ಬಿಟ್ಟು ನಿಂತಿದ್ದರು.

"ಏ ರಸ್ಕ್, ಅದು ನಿನ್ನ ಕರ್ಕೊಂಡ್ಬರ್ತಿದೆಯೋ, ನೀನು ಅದನ್ನೋ?"

"ಕೇಳ್ಬೇಡಿ. ನನಗೇ ತಲೆ ತಿರುಗ್ತಿದೆ."

ಅವರೆಲ್ಲರ ಮುಂದೆ ನಿಂತಿದ್ದವಳು ದೊಡ್ಡಮ್ಮ. ಅವಳು ಯಾರಿಗೂ ದೊಡ್ಡಮ್ಮನಲ್ಲ, ಆದರೆ ಫ್ಯಾಕ್ಟರಿಗೆಲ್ಲ ದೊಡ್ಡಮ್ಮ; ಪ್ಯಾಕಿಂಗಿನ ಹಿರಿಯಾಳು. ಬ್ರೆಡ್ಡಿಗೆ ಕಾಗದ ಸುತ್ತಿ ಸುತ್ತಿ ಅವಳ ಬೆರಳು ಸುಮ್ಮನೆ ಕೂತಾಗಲೂ ಮಡಿಸುತ್ತಲೇ ಇರುತ್ತಿದ್ದವು. ಕುದುರೆಯ ಕೆಳಗೆ ಬಗ್ಗಿ ನೋಡಿ, "ಹೆಣ್ಣು," ಅಂದಳು. ಆಮೇಲೆ ಇವನ ಕಡೆ ತಿರುಗಿ, "ಮನೆಯಲ್ಲಿ ಹೇಳದೆ ಕೇಳದೆ ಕರ್ಕೊಂಡು ಬಂದಿದ್ದೀಯ. ನೀನು ನನ್ನ ಮಗ ಇದ್ದ ಹಾಗೆ. ಹಾಗಾದರೆ ಇವಳು ನನಗೆ ಸೊಸೆ ಆದಳು."

ಅಂದಿನಿಂದ ಅದರ ಹೆಸರು ಸೊಸೆ.

ಮುರಿದ ಟ್ರೇಗಳನ್ನು ಪೇರಿಸಿಟ್ಟಿದ್ದ ಹಿಂದಿನ ಶೆಡ್ಡನ್ನು ಖಾಲಿ ಮಾಡಿದರು. ಮೇಸ್ತ್ರಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಮಾಲೀಕರು ಕೇಳಿದ್ರೆ ನಾನು ನೋಡಿಲ್ಲ," ಅಂದ. "ಕುದುರೆ ಕೇಳಿದ್ರೂ ನಾನು ನೋಡಿಲ್ಲ."

ಡಾಕ್ಟರನ್ನು ಒದಗಿಸಿದ್ದು ಭಾವ. ಪ್ರಾಣಿಗಳ ಆಸ್ಪತ್ರೆಯ ಕಟ್ಟಡದ ಲಿಫ್ಟಿನಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡಿದ್ದ ಡಾಕ್ಟರಮ್ಮನನ್ನು ಹೊರಗೆಳೆದವರು ಅವರು. ಆಕೆ ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ. ಮೂತಿಗೆ ಕಟ್ಟಿದ್ದ ಹಗ್ಗ ಚರ್ಮದೊಳಗೆ ಹೂತುಹೋಗಿತ್ತು. ಅದನ್ನು ಎಳೆ ಎಳೆಯಾಗಿ ಕತ್ತರಿಸಿ ತೆಗೆದರು. ಗೊರಸುಗಳನ್ನು ಗರಗಸದಿಂದ ಕೊಯ್ದರು. ಇವನು ಕಾಲು ಹಿಡಿದುಕೊಂಡಿದ್ದ. ಕುದುರೆಯ ಭಾರವೆಲ್ಲ ಇವನ ಮೇಲೆ ಬಿದ್ದಿತ್ತು, ಆದರೆ ಆ ಭಾರ ಎನ್ನುವುದು ತೊಳೆದು ಒಣಹಾಕಿದ ಕಂಬಳಿಯಷ್ಟೇ ಇತ್ತು.

ಹೊರಡುವಾಗ ಡಾಕ್ಟರ್ ಇವನನ್ನು ಪಕ್ಕಕ್ಕೆ ಕರೆದರು. "ಹಸಿದು ಹಸಿದು ಈ ಸ್ಥಿತಿಗೆ ಬಂದಿದೆ. ಒಂದೇ ಸಲ ತಿನ್ನಿಸಿದ್ರೆ ಕೈ ಬಿಟ್ಟುಹೋಗುತ್ತೆ. ಒಣಹುಲ್ಲು, ಸ್ವಲ್ಪ ಸ್ವಲ್ಪ, ಆಗಾಗ. ಕಾಳು ಬೇಡ, ಬೂಸಾ ಬೇಡ, ಹಿಂಡಿ ಬೇಡ. ಹಗುರವಾದದ್ದು ಮಾತ್ರ. ಅರ್ಥವಾಯ್ತಾ? ಆಸೆಗೆ ಬೀಳಬೇಡಿ."

"ಆಸೆ-ಗೀಸೆ ನಮಗೆ ಅಭ್ಯಾಸ ಇಲ್ಲ ಡಾಕ್ಟ್ರೇ," ಅಂದ ರಸ್ಕ್.

ಹುಲ್ಲು ಹಾಕಿದರು. ಮೂಸಿತು, ಎರಡು ಎಳೆ ಜಗಿದು ಬಿಟ್ಟಿತು. ಮಾರನೆಯ ದಿನವೂ ಅಷ್ಟೇ. ಆಮೇಲೆ ಮಲಗಿತು. ಮಲಗಿದ್ದು ಏಳಲಿಲ್ಲ. ಖಾಲಿ ಹಿಟ್ಟಿನ ಚೀಲಗಳನ್ನು ಹೊಟ್ಟೆಯಡಿ ತೂರಿಸಿ ಆ ಕಡೆ ಇಬ್ಬರು, ಈ ಕಡೆ ಇಬ್ಬರು ಎತ್ತಿ ನಿಲ್ಲಿಸಿದರೆ, ಬಿಟ್ಟ ಕೂಡಲೇ ಮಡಿಸುವ ಕುರ್ಚಿಯಂತೆ ಕುಸಿಯುತ್ತಿತ್ತು. ಮನೆಯಲ್ಲಿ ಅಕ್ಕ ಏನೂ ಕೇಳಲಿಲ್ಲ. ಅವಳು ಕೇಳದಿದ್ದದ್ದೇ ಹೆಚ್ಚು ಚುಚ್ಚಿತು. ಇದೂ ಮಂಚದ ಕೆಳಗೆ ಸೇರುವ ಸಾಮಾನು ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಂತಿತ್ತು.

ಆವಾಗ ದೊಡ್ಡಮ್ಮ ಒಂದು ಮಾತು ಹೇಳಿದಳು. "ಡಾಕ್ಟ್ರು ಏನಂದ್ರು?"

"ಹಗುರವಾದದ್ದು ಕೊಡಿ ಅಂದ್ರು."

"ಮತ್ತೆ? ಜ್ವರ ಬಂದು ಮಲಗಿದವರಿಗೆ ಏನು ಕೊಡ್ತೀವಿ?" ಅವಳು ಬೆಲ್ಟಿನಿಂದ ಒಂದು ಬ್ರೆಡ್ಡು ಎತ್ತಿ ಅಂಗೈಯಲ್ಲಿ ಕುಣಿಸಿದಳು. "ಇದಕ್ಕಿಂತ ಹಗುರ ಪ್ರಪಂಚದಲ್ಲಿ ಏನಿದೆಯೋ? ಗಾಳಿ ಬಿಟ್ರೆ ಇದೇ."

ಇವನಿಗೂ ಹೌದೆನ್ನಿಸಿತು. ಕಾಳು ಬೇಡ ಅಂದಿದ್ದಾರೆ, ಇದು ಕಾಳಲ್ಲ. ಬೂಸಾ ಅಲ್ಲ, ಹಿಂಡಿ ಅಲ್ಲ. ಬ್ರೆಡ್ಡು ಬ್ರೆಡ್ಡು. ದಿನವಿಡೀ ಹಿಟ್ಟಿನಲ್ಲೇ ಮುಳುಗಿರುವವರಿಗೆ ಹಿಟ್ಟು ಎಂದರೆ ಒಂದಾನೊಂದು ಕಾಲದಲ್ಲಿ ಕಾಳಾಗಿತ್ತು ಎಂಬುದು ಹೊಳೆಯುವುದಾದರೂ ಹೇಗೆ? ತುದಿಯನ್ನು ನೀರಿನಲ್ಲಿ ಅದ್ದಿ ಮೂತಿಯ ಹತ್ತಿರ ಹಿಡಿದ. ಮೂಗಿನ ಹೊಳ್ಳೆ ಅರಳಿದವು. ತುಟಿ ಮುಂದೆ ಬಂತು, ಮುದುಕಿಯೊಬ್ಬಳು ಸೂಜಿಗೆ ದಾರ ಪೋಣಿಸುವಾಗ ಮಾಡುವಂತೆ. ತಿಂದಿತು. ಇನ್ನೊಂದು ತಿಂದಿತು. ಸಂಜೆಯ ಹೊತ್ತಿಗೆ, ಯಾರೂ ಎತ್ತದೆ, ಮುಂಗಾಲು ಊರಿ, ನಡುಗಿ, ಎದ್ದು ನಿಂತಿತು.

ಪ್ಯಾಕಿಂಗ್ ಹೆಂಗಸರು ಕಿರುಚಿದ್ದು ಕೇಳಿ ಮೇಸ್ತ್ರಿ ಯಾರದೋ ಕೈ ಮಷೀನಿಗೆ ಸಿಕ್ಕಿತೆಂದು ಓಡಿ ಬಂದ.

ಆಮೇಲೆ ಕೇಳಬೇಕೇ? ಬೆಳಿಗ್ಗೆ ಓವನ್ನಿನವರದ್ದು ಒಂದು ಪಾಲು, ಟೀ ಹೊತ್ತಿಗೆ ಪ್ಯಾಕಿಂಗಿನವರದ್ದು, ವ್ಯಾನಿನವರು ಲೋಡು ಮಾಡುವಾಗ ಒಂದು. ರಸ್ಕ್ ಅಂತೂ ತುದಿಗಳ ಚೀಲವನ್ನೇ ಹೊತ್ತು ತಂದು ಸುರಿದ. "ನನ್ನ ಹಂದಿಗಳು ಏನು ಪಾಪ ಮಾಡಿದ್ವಪ್ಪ?" ಎಂದು ಹಂದಿಯವನು ಜಗಳಕ್ಕೆ ಬಂದ. "ನಿಮ್ಮ ಹಂದಿ ನಿಂತುಕೊಂಡು ನಿಮ್ಮ ಕಡೆ ನೋಡಿ ಕೆನೆಯುತ್ತಾ?" ಎಂದು ಇವನು ಕೇಳಿದ. ಹೌದು, ಸೊಸೆ ಕೆನೆಯತೊಡಗಿದ್ದಳು. ಓವನ್ನಿನ ಬಾಗಿಲು ತೆರೆದು ಬಿಸಿ ಬ್ರೆಡ್ಡಿನ ವಾಸನೆ ಹಿತ್ತಲಿಗೆ ಹರಿಯುತ್ತಿದ್ದಂತೆ ಶೆಡ್ಡಿನಿಂದ ಒಂದು ಕೂಗು. ಗಡಿಯಾರದ ಅಗತ್ಯವೇ ಇಲ್ಲದಾಯಿತು.

ಮೈ ತುಂಬಿತು. ಪಕ್ಕೆಲುಬು ಮರೆಯಾದವು. ಇವನು ಹರಳೆಣ್ಣೆ ಹಚ್ಚಿ ಜೂಲಿನ ಸಿಕ್ಕು ಬಿಡಿಸಿದ. ಅದರೊಳಗೆ ಒಂದು ಮಗುವಿನ ಕೂದಲ ಕ್ಲಿಪ್ಪು ಸಿಕ್ಕಿತು. ಕುತ್ತಿಗೆಯ ಮೇಲೆ ಕೆರೆಯ ಏರಿಯಂತೆ ದಪ್ಪ ಕೊಬ್ಬು ಎದ್ದಿತು. ಅದನ್ನು ತಟ್ಟಿ ತಟ್ಟಿ ಬಂದವರಿಗೆಲ್ಲ ತೋರಿಸಿದ. ನಾಲ್ಕು ಮಾತು ನೇರವಾಗಿ ಆಡಲು ಬಾರದವನು ಕುದುರೆಯ ಆರೈಕೆಯ ಬಗ್ಗೆ ವ್ಯಾನ್ ಡ್ರೈವರುಗಳಿಗೆ ಉಪನ್ಯಾಸ ಕೊಡಹತ್ತಿದ. ಡಾಕ್ಟರಿಗೆ ಭಾವನ ಮೂಲಕ, "ತುಂಬ ಚೆನ್ನಾಗಿದ್ದಾಳೆ, ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ" ಎಂದು ಹೇಳಿ ಕಳಿಸಿದ.

ಒಂದು ಭಾನುವಾರ ಅಕ್ಕ ನೋಡಲು ಬಂದಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಹಿಟ್ಟಿನ ಚೀಲಗಳ ನಡುವೆ ಹುಷಾರಾಗಿ ಹೆಜ್ಜೆ ಇಟ್ಟು, ಶೆಡ್ಡಿನ ಬಾಗಿಲಲ್ಲಿ ನಿಂತಳು. ಸೊಸೆ ಅವಳ ಕೈಚೀಲಕ್ಕೆ ಮೂತಿ ಹಾಕಿದಳು.

"ಪರವಾಗಿಲ್ಲ ಕಣೋ," ಅಂದಳು ಅಕ್ಕ. "ಒಂದನ್ನಾದರೂ ದಡ ಮುಟ್ಟಿಸಿದೆ."

ಅಂದು ಮನೆಗೆ ಹೋಗಿ ಅವನು ಕಿಟಕಿಯಿಂದಾಚೆಯ ಗೋಡೆಯನ್ನೂ ಒಮ್ಮೆ ನೋಡಿದ. ಅಷ್ಟೇ, ನೋಡಿದ.

ಮುಂದಿನ ವಾರದಲ್ಲಿ ಒಂದು ಬೆಳಿಗ್ಗೆ ಸೊಸೆ ಬಾಗಿಲಿಗೆ ಬರಲಿಲ್ಲ. ಓವನ್ನು ತೆರೆದಾಗ ಕೆನೆದಳು, ಆದರೆ ಕಾಲು ಕಿತ್ತಿಡಲಿಲ್ಲ. ಹಿಂಗಾಲುಗಳನ್ನು ಹೊಟ್ಟೆಯಡಿ ತಂದು, ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಬೆಂಕಿಯ ಮೇಲೆ ನಿಂತವರು ಹಿಂದಕ್ಕೆ ವಾಲುವಂತೆ ವಾಲಿಕೊಂಡು ನಿಂತಿದ್ದಳು. ಇವನು ಕೂತು ಗೊರಸಿಗೆ ಕೈಯಿಟ್ಟ.

ಬಿಸಿ. ಅವನಿಗೆ ಬಿಸಿ ಗೊತ್ತು. ಕೊಯ್ಯಲು ಬಂದ ಬ್ರೆಡ್ಡು ಆರಿದೆಯೋ ಇಲ್ಲವೋ ಎಂದು ಕೈಯ ಹಿಂಬದಿಯಿಂದ ಮುಟ್ಟಿಯೇ ಹೇಳಬಲ್ಲವನು. ಬಿಸಿಯಿದ್ದರೆ ಬ್ಲೇಡಿಗೆ ಅಂಟಿ ಹರಿಯುತ್ತದೆ, ಕಾಯಬೇಕು. ಅವನು ಗೊರಸಿನ ಮೇಲೆ ಕೈಯಿಟ್ಟುಕೊಂಡು ಕಾದ. ಬ್ರೆಡ್ಡು ಎಷ್ಟು ಹೊತ್ತಿಗೆ ಆರಬೇಕೋ ಅಷ್ಟು ಹೊತ್ತು, ಅದಕ್ಕಿಂತ ಹೆಚ್ಚು ಹೊತ್ತು. ಆರಲಿಲ್ಲ.

ಡಾಕ್ಟರ್ ಶೆಡ್ಡಿನೊಳಗೆ ಕಾಲಿಟ್ಟವರೇ ಕುತ್ತಿಗೆಯ ಮೇಲಿನ ಕೊಬ್ಬಿನ ಏರಿಯನ್ನು ನೋಡಿ ನಿಂತುಬಿಟ್ಟರು.

"ಏನು ಕೊಡ್ತಿದ್ರಿ?"

"ನೀವು ಹೇಳಿದ ಹಾಗೇ ಡಾಕ್ಟ್ರೇ. ಹಗುರದ್ದು."

"ಅಂದ್ರೆ?"

"ಬ್ರೆಡ್ಡು."

ಡಾಕ್ಟರ್ ಒಳಗಿನ ಬೆಲ್ಟನ್ನು, ಓವನ್ನನ್ನು, ಬಾಗಿಲಲ್ಲಿ ನಿಂತ ಬಿಳಿ ಟೋಪಿಗಳನ್ನು ಒಂದು ಸುತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಬ್ರೆಡ್ ಕೊಡಬೇಡಿ ಅಂತ ಹೇಳ್ಬೇಕು ಅಂತ ನನಗೂ ಹೊಳೀಲಿಲ್ಲ," ಅಂದರು. "ಎಲ್ಲಿ ನಿಂತಿದ್ದೀನಿ ಅಂತ ನೋಡಬೇಕಿತ್ತು ನಾನು."

ಆಮೇಲೆ ನೆಲದ ಮೇಲೆ ಕೂತು ತಿಳಿಸಿ ಹೇಳಿದರು. ಕೆಟ್ಟಿದ್ದು ಹೊಟ್ಟೆಯಲ್ಲಿ, ಹೊಡೆತ ಬಿದ್ದಿದ್ದು ಕಾಲಿಗೆ. ಗೊರಸಿನೊಳಗೆ ಒಂದು ಎಲುಬಿದೆ; ಅದು ಸುತ್ತಲಿನ ಪದರಕ್ಕೆ ತೂಗುಬಿದ್ದಿದೆ. ಆ ಪದರ ಊದಿಕೊಂಡಿದೆ. ಅದು ಬಿಟ್ಟುಕೊಂಡರೆ ಎಲುಬು ಕೆಳಕ್ಕೆ ಇಳಿಯುತ್ತದೆ. ಇಳಿದದ್ದನ್ನು ಮೇಲಕ್ಕೆ ಎತ್ತಲಾಗುವುದಿಲ್ಲ; ಆಗ ಸೂಜಿ ಚುಚ್ಚಿ ನೋವಿಲ್ಲದೆ ಕಳಿಸಿಕೊಡುವುದೊಂದೇ ಉಳಿಯುವುದು. ಇಂದಿನಿಂದ ಒಂದು ಚೂರು ಬ್ರೆಡ್ಡೂ ಇಲ್ಲ. ತಣ್ಣೀರಿನಲ್ಲಿ ಕಾಲು ನೆನೆಸಬೇಕು. ನೆನೆಸಿ ಹಿಂಡಿದ ಹುಲ್ಲು, ಅದೂ ಅಳೆದು. ಮರದ ಹೊಟ್ಟಿನ ದಪ್ಪ ಹಾಸು. ನೋವಿಗೆ ಔಷಧಿ. ಮತ್ತೆ ಕಾಯುವುದು.

ಹಸಿವಿನಿಂದ ಸಾಯುತ್ತಿದ್ದವಳನ್ನು ತಂದು ತಿನ್ನಿಸಿ ಬದುಕಿಸಿದ್ದಾಯಿತು. ಈಗ ಬದುಕಿಸಲು ಹಸಿವಿಗೆ ಹಾಕಬೇಕು. ಈ ಮಾತನ್ನು ಇಡೀ ಫ್ಯಾಕ್ಟರಿಗೆ ಹೇಳುವ ಭಾಗ್ಯ ರಸ್ಕ್‌ನದ್ದಾಯಿತು.

"ಇಷ್ಟು ದಿನ ತಿಂದಳಲ್ಲ, ಆವಾಗ ಏನೂ ಆಗ್ಲಿಲ್ವಾ?" ಅಂದರು ಓವನ್ನಿನವರು.

"ಬ್ರೆಡ್ ತಿಂದು ಕಾಲು ನೋಯುತ್ತೆ ಅಂದ್ರೆ ನನ್ನ ಅತ್ತೆ ಹತ್ತಿರ ಹೇಳು, ನಂಬ್ತಾಳೆ," ಅಂದ ಒಬ್ಬ ಡ್ರೈವರು.

ದೊಡ್ಡಮ್ಮ ಮಾತ್ರ, ಇವನು ಪಕ್ಕದಲ್ಲಿ ಹಾದು ಹೋದರೆ ಕಾಗದವನ್ನು ಜೋರಾಗಿ ಮಡಿಸುತ್ತಿದ್ದಳು.

ಓವನ್ ತೆರೆದಾಗಲೆಲ್ಲ ಸೊಸೆ ಕೂಗುತ್ತಿದ್ದಳು. ಬೆಲ್ಟಿನ ಸದ್ದಿನ ಮೇಲೂ ಅದು ಕೇಳುತ್ತಿತ್ತು. ಎಲ್ಲರೂ ತಲೆಯೆತ್ತಿ ರಸ್ಕ್‌ನ ಕಡೆ ನೋಡುತ್ತಿದ್ದರು. ಅವನು ತುದಿಗಳನ್ನು ಚೀಲಕ್ಕೆ ಎಸೆಯುತ್ತಿದ್ದ. ಹಂದಿಯವನೊಬ್ಬನೇ ಇವನನ್ನು ನೋಡಿ ನಗುತ್ತಿದ್ದದ್ದು.

ಬಿಡುವಾದಾಗಲೆಲ್ಲ ಅವನು ಬಕೆಟ್ಟು ಹೊತ್ತು ಹೋಗುತ್ತಿದ್ದ. ಆದರೆ ಹತ್ತಿರ ಹೋದರೆ ಅವಳು ಇವನ ಅಂಗಿಯನ್ನು ನೆಕ್ಕಲು ತೊಡಗುತ್ತಿದ್ದಳು. ತೋಳು, ಜೇಬು, ಕಾಲರು. ಅವನು ತಲೆಯಿಂದ ಕಾಲಿನವರೆಗೆ ಬ್ರೆಡ್ಡಾಗಿದ್ದ. ಹೋಗುವ ಮೊದಲು ನಲ್ಲಿಯಡಿ ಕೈ, ಮುಖ, ಕುತ್ತಿಗೆ ತೊಳೆದು, ಮನೆಯಿಂದ ತಂದ ಒಗೆದ ಅಂಗಿ ತೊಡುವುದನ್ನು ರೂಢಿ ಮಾಡಿಕೊಂಡ.

"ಮದುವೆಗೆ ಮುಂಚೆ ಗಂಡಸರು ಹೀಗೆ ತೊಳ್ಕೊಳ್ಳೋದು ನೋಡಿದ್ದೀನಿ," ಅಂದರು ಭಾವ, ಅಂಗಿಯ ಗಂಟು ನೋಡಿ. "ಆಮೇಲೂ ತೊಳ್ಕೊಳ್ಳೋನು ನೀನೊಬ್ಬನೇ."

ನಗಿಸಲು ಹೇಳಿದ ಮಾತು. ಇಬ್ಬರಿಗೂ ನಗು ಬರಲಿಲ್ಲ.

ಒಗೆದ ಅಂಗಿಯನ್ನು ಸೊಸೆ ಮೂಸುತ್ತಿದ್ದಳು. ಏನೂ ಸಿಗದೆ ಮೂತಿ ತೆಗೆದು ಗೋಡೆಯ ಕಡೆ ತಿರುಗುತ್ತಿದ್ದಳು. ಇವನು ಯಾರೋ ಬೇರೆಯವನು ಎಂಬಂತೆ.

ಒಂದು ಮಧ್ಯಾಹ್ನ ಶೆಡ್ಡಿಗೆ ಹೋದರೆ ದೊಡ್ಡಮ್ಮ ಅಲ್ಲಿ ನಿಂತಿದ್ದಾಳೆ. ಏಪ್ರನ್ನಿನ ಜೇಬಿನಲ್ಲಿ ಕೈ. ಜೇಬು ಉಬ್ಬಿದೆ.

"ಬೇಡ ದೊಡ್ಡಮ್ಮ."

"ಕೊಟ್ಟಿಲ್ಲಪ್ಪ. ಇನ್ನೂ ಕೊಟ್ಟಿಲ್ಲ." ಅವಳು ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. "ಕರೀತಾಳೆ ಕಣೋ. ಕರೆದಾಗ ಹೋಗದೆ ಕೂತಿರೋದು ನನ್ನ ಕೈಲಿ ಆಗಲ್ಲ. ನಿನಗೆ ಹೇಗಾಗುತ್ತೆ?"

"ನನಗೂ ಆಗಲ್ಲ."

"ನಾನೇ ತಾನೇ ಮೊದಲು ಹೇಳಿದ್ದು, ಬ್ರೆಡ್ ಕೊಡು ಅಂತ."

"ಹೇಳಿದ್ದು ನೀವು. ಚೀಲಗಟ್ಟಲೆ ಸುರಿದಿದ್ದು ನಾನು. ಹೊಗಳಿಸಿಕೊಳ್ಳೋಕೆ ಸುರಿದೆ ದೊಡ್ಡಮ್ಮ. ನೋಡಿದವರೆಲ್ಲ ಶಹಭಾಸ್ ಅಂತಿದ್ರಲ್ಲ, ಅದಕ್ಕೆ."

ಅವಳು ಜೇಬಿನಿಂದ ತುದಿಯನ್ನು ತೆಗೆದು ಇವನ ಕೈಗಿಟ್ಟಳು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದಳು, ಪೊಟ್ಟಣ ಕಟ್ಟಿದಂತೆ. ಹೊರಗೆ ಹೋಗಿ ಇವನು ಅದನ್ನು ಎಲ್ಲಿ ಎಸೆಯಬೇಕೆಂದು ತಿಳಿಯದೆ ತಾನೇ ತಿಂದುಬಿಟ್ಟ. ನಲ್ಲಿಯಡಿ ಮತ್ತೆ ಬಾಯಿ ತೊಳೆದುಕೊಂಡು ಒಳಗೆ ಬಂದ.

ಸೊಸೆ ಹೆಚ್ಚು ಹೊತ್ತು ಮಲಗಿಯೇ ಇರತೊಡಗಿದಳು. ಭಾವ ಸಂಜೆ ಬಂದು ಹೊಟ್ಟಿನ ಮೂಟೆ ಬಿಚ್ಚಿ ಹರಡಲು ಕೈ ಜೋಡಿಸುತ್ತಿದ್ದರು. ಒಂದು ಸಂಜೆ, ಗೊರಸಿನೊಳಗೆ ಏನಾಗುತ್ತಿದೆ ಎಂದು ಕೇಳಿದರು. ರಸ್ಕ್ ಡಾಕ್ಟರ್ ಹೇಳಿದ್ದನ್ನು ಹಾಗೇ ಹೇಳಿದ: ತೂಗುಬಿದ್ದ ಎಲುಬು, ಬಿಟ್ಟುಕೊಳ್ಳುತ್ತಿರುವ ಪದರ, ಇಳಿಯುವ ಭಾರ. ಹೇಳುತ್ತ ಹೇಳುತ್ತ ಭಾವನ ಮುಖ ಗಂಭೀರವಾದದ್ದು ಕಂಡ. ಅದು ಅವರ ದಿನನಿತ್ಯದ ಕೆಲಸವೇ ಅಲ್ಲವೇ?

"ಭಾವ, ಲಿಫ್ಟಿನ ಹಗ್ಗ ಹೀಗೆ ಎಳೆ ಎಳೆಯಾಗಿ ಬಿಟ್ಕೊಂಡ್ರೆ ನೀವೇನು ಮಾಡ್ತೀರಿ?"

"ಜನರನ್ನ ಇಳಿಸ್ತೀವಿ. ಭಾರ ತೆಗೀತೀವಿ. ಹಗ್ಗ ಬದಲಾಯಿಸ್ತೀವಿ."

"ಇಲ್ಲಿ?"

ಭಾವ ಕಾಲಿನಿಂದ ಹೊಟ್ಟನ್ನು ಸಮ ಮಾಡುತ್ತ ನಿಂತರು. "ಇಲ್ಲಿ ಭಾರವೂ ಅವಳೇ, ಹಗ್ಗವೂ ಅವಳೇ," ಅಂದರು. ಆಮೇಲೆ ಯಾಕೆ ಅಂದೆನೋ ಎಂಬಂತೆ ಇನ್ನೊಂದು ಮೂಟೆ ಬಿಚ್ಚಲು ಹೋದರು; ಅದು ಆಗಲೇ ಬಿಚ್ಚಿತ್ತು.

ಡಾಕ್ಟರ್ ಎಕ್ಸ್-ರೇ ಪೆಟ್ಟಿಗೆ ತಂದ ದಿನ ಬೆಳಿಗ್ಗೆ ಸೊಸೆ ತುಸು ಗೆಲುವಾಗಿದ್ದಂತೆ ಕಂಡಳು. ಓವನ್ ತೆರೆದಾಗ ಕತ್ತೆತ್ತಿ ಕೆನೆದಳು. ಒಬ್ಬೊಬ್ಬರಾಗಿ ಪ್ಯಾಕಿಂಗಿನವರು ಹಿಂಬಾಗಿಲಿಗೆ ಬಂದು ನಿಂತರು. ಡಾಕ್ಟರ್ ಪುಟ್ಟ ಪರದೆಯ ಮೇಲೆ ಬಂದ ಬೂದು ಚಿತ್ರವನ್ನು ನೋಡಿದರು; ಕಾಲು ಬದಲಾಯಿಸಿ ಇನ್ನೊಂದನ್ನು ನೋಡಿದರು; ಗೊರಸನ್ನು ಎತ್ತಿ ಅಂಗಾಲಿನ ಮೇಲೆ ಹೆಬ್ಬೆರಳು ಆಡಿಸಿದರು. ಹೆಬ್ಬೆರಳು ಒಂದು ಕಡೆ ನಿಂತಿತು; ಅಲ್ಲಿ ಎಲುಬು ಇಳಿದು ಒತ್ತುತ್ತಿತ್ತು. ಆಮೇಲೆ ಕಾಲನ್ನು, ಮಲಗಿದ ಕೂಸನ್ನು ಇಳಿಸುವಂತೆ, ಹೊಟ್ಟಿನ ಮೇಲೆ ಇಳಿಸಿ ಎದ್ದರು.

"ನಾನು ಮಧ್ಯಾಹ್ನದ ಮೇಲೆ ಮತ್ತೆ ಬರ್ತೀನಿ," ಅಂದರು ರಸ್ಕ್‌ಗೆ. "ಅಲ್ಲಿಯವರೆಗೆ ಅವಳಿಗೆ ಏನಿಷ್ಟವೋ ಕೊಡಿ." ಪೆಟ್ಟಿಗೆಯ ಕೊಂಡಿ ಹಾಕಿದರು. "ಬ್ರೆಡ್ ಕೂಡ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆಗುವಷ್ಟರಲ್ಲಿ ಬಾಗಿಲಲ್ಲಿ ನಿಂತವರ ಕಿವಿಗೆ ಕೊನೆಯ ಎರಡು ಪದ ಮಾತ್ರ ಬಿದ್ದಿದ್ದವು.

"ಬ್ರೆಡ್ ಕೊಡಬಹುದಂತೆ!"

"ಏನಂತೆ?"

"ಪಥ್ಯ ಮುಗೀತಂತೆ ಕಣ್ರೇ! ಬ್ರೆಡ್ ಕೊಡಿ ಅಂದ್ರು ಡಾಕ್ಟ್ರೇ!"

ಸುದ್ದಿ ಬೆಲ್ಟಿಗಿಂತ ಜೋರಾಗಿ ಓಡಿತು. ಪ್ಯಾಕಿಂಗಿನಿಂದ ಕೊಯ್ಯುವ ಮಷೀನಿಗೆ, ಅಲ್ಲಿಂದ ಓವನ್ನಿಗೆ, ಓವನ್ನಿನಿಂದ ಹಿಟ್ಟು ನಾದುವಲ್ಲಿಗೆ. ಕರೆಂಟು ಹೋದಾಗ ಬಿಟ್ಟರೆ ಎಂದೂ ನಿಲ್ಲದ ಬೆಲ್ಟನ್ನು ಮೇಸ್ತ್ರಿ ತಾನೇ ಸ್ವಿಚ್ಚು ಒತ್ತಿ ನಿಲ್ಲಿಸಿದ. ಬಿಳಿ ಟೋಪಿಗಳು ಹಿಂಬಾಗಿಲಿನಿಂದ ಉಕ್ಕಿ ಬಂದವು. ಒಬ್ಬರ ಕೈಯಲ್ಲಿ ಬನ್ನು, ಒಬ್ಬರ ಕೈಯಲ್ಲಿ ಹಾಲಿನ ಬ್ರೆಡ್ಡು, ಮೇಸ್ತ್ರಿಯ ಕೈಯಲ್ಲಿ ಮಾಲೀಕರ ಮನೆಗೆಂದು ತೆಗೆದಿಟ್ಟ ಒಣದ್ರಾಕ್ಷಿಯ ಬ್ರೆಡ್ಡು.

"ಗೆದ್ದುಬಿಟ್ಟೆ ಕಣೋ ರಸ್ಕ್!"

"ನಾವೆಲ್ಲ ಬೈದಿದ್ದು ಮನಸ್ಸಲ್ಲಿಟ್ಕೋಬೇಡಪ್ಪ. ನೀನು ಗಟ್ಟಿಯಾಗಿ ನಿಂತಿದ್ದಕ್ಕೇ ಇವತ್ತು ಈ ದಿನ ಬಂತು."

ಬೆನ್ನು ತಟ್ಟಿದರು. ಯಾರೋ ಟೋಪಿ ಕಿತ್ತು ಗಾಳಿಗೆ ಎಸೆದರು. ಅವನು ಹೇಳಬೇಕೆಂದು ಬಾಯಿ ತೆರೆದ. ಸೊಸೆ ಬನ್ನಿಗೆ ತುಟಿ ಚಾಚಿದ್ದಳು, ಕಣ್ಣು ಅರ್ಧ ಮುಚ್ಚಿತ್ತು, ಕಿವಿಗಳೆರಡೂ ಮುಂದಕ್ಕೆ. ಇಷ್ಟು ದಿನ ಕರೆದದ್ದಕ್ಕೆ ಕೊನೆಗೂ ಎಲ್ಲರೂ ಒಟ್ಟಿಗೆ ಬಂದಿದ್ದರು. ಅವನು ಬಾಯಿ ಮುಚ್ಚಿದ. ಅರ್ಧಕ್ಕೆ ನಿಲ್ಲಿಸುವ ಕಲೆಯಲ್ಲಿ ಪಳಗಿದವನಿಗೆ ಒಂದು ಮಾತನ್ನು ಗಂಟಲಲ್ಲೇ ನಿಲ್ಲಿಸುವುದು ಕಷ್ಟವಾಗಲಿಲ್ಲ.

ದೊಡ್ಡಮ್ಮ ಎಲ್ಲರಿಗಿಂತ ಕೊನೆಗೆ ಬಂದಳು. ಆಗಷ್ಟೇ ಓವನ್ನಿನಿಂದ ತೆಗೆದ ಬ್ರೆಡ್ಡಿನ ಸಿಪ್ಪೆ ಸುಲಿದು, ಒಳಗಿನ ಬಿಳಿಯ ತಿರುಳನ್ನಷ್ಟೇ ಬೊಗಸೆಯಲ್ಲಿ ಹಿಡಿದಿದ್ದಳು. ಬಂದವಳು ಕುದುರೆಯನ್ನು ನೋಡುವ ಮೊದಲು ಇವನ ಮುಖ ನೋಡಿದಳು.

"ಡಾಕ್ಟ್ರು ಮತ್ತೆ ಯಾವಾಗ ಬರ್ತಾರೆ?"

"ಮಧ್ಯಾಹ್ನದ ಮೇಲೆ."

"ಇವತ್ತೇನಾ?"

"ಇವತ್ತೇ ದೊಡ್ಡಮ್ಮ."

ಅವಳ ಬೊಗಸೆ ಅಲ್ಲೇ ನಿಂತಿತು. ಸುತ್ತ ಎಲ್ಲರೂ ನಗುತ್ತಿದ್ದರು. ಮೇಸ್ತ್ರಿ ಒಣದ್ರಾಕ್ಷಿ ಆರಿಸಿ ಆರಿಸಿ ಕೊಡುತ್ತಿದ್ದ. ದೊಡ್ಡಮ್ಮ ಮಂಡಿಯೂರಿ ಹೊಟ್ಟಿನ ಮೇಲೆ ಕೂತಳು. ಬಿಸಿಯಿದ್ದ ತಿರುಳಿಗೆ ಉಫ್ ಉಫ್ ಎಂದು ಊದಿದಳು.

"ನಿಧಾನಕ್ಕೆ ತಿನ್ನಮ್ಮ," ಅಂದಳು. "ಯಾರೂ ಕಿತ್ಕೊಳ್ಳಲ್ಲ ಇನ್ನು."

ರಸ್ಕ್ ಜನರ ನಡುವೆ ದಾರಿ ಬಿಡಿಸಿಕೊಂಡು ಒಳಗೆ ಹೋದ. ಫ್ಯಾಕ್ಟರಿ ಖಾಲಿಯಾಗಿತ್ತು. ನಿಂತ ಬೆಲ್ಟಿನ ಮೇಲೆ ಬ್ರೆಡ್ಡುಗಳು ಸಾಲಾಗಿ ಆರುತ್ತಿದ್ದವು. ನಲ್ಲಿಯ ಪಕ್ಕದ ಮೊಳೆಗೆ ಅವನ ಕೆಲಸದ ಅಂಗಿ ನೇತಾಡುತ್ತಿತ್ತು. ಹಿಟ್ಟು, ಬೆವರು, ಸುಟ್ಟ ಸಿಪ್ಪೆಯ ಪುಡಿ. ಅವನು ಒಗೆದ ಅಂಗಿಯನ್ನು ಕಳಚಿ ಮೊಳೆಗೆ ಹಾಕಿದ. ಕೆಲಸದ ಅಂಗಿ ತೊಟ್ಟು, ಗುಂಡಿಗಳನ್ನು ಕೊರಳಿನವರೆಗೆ ಒಂದೂ ಬಿಡದೆ ಹಾಕಿಕೊಂಡ. ಕೈ ತೊಳೆಯಲಿಲ್ಲ.

ಹಾಗೇ ಬಂದು ಅವಳ ಪಕ್ಕದಲ್ಲಿ ಕೂತ. ಸೊಸೆ ಬ್ರೆಡ್ಡು ಬಿಟ್ಟು ಮೂತಿ ತಿರುಗಿಸಿದಳು. ಮೂಸಿದಳು. ಗುರುತು ಹತ್ತಿತು. ಮೊದಲು ಕಾಲರಿನಿಂದ ಶುರು ಮಾಡಿದಳು.